ಮಿಲ್ಲರ್ ಸಾಹೇಬರ ಸನ್ಮಾನ

ಗೌತಮಿಗೆ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ಅವಳ ಅಪ್ಪ ಧೂಳಪ್ಪನೇ. ಅವನು ಬೇರೆ ಯಾವ ನೌಕರಿಯಲ್ಲಿದ್ದಿದ್ದರೂ ಆ ಸುದ್ದಿ ತಿಕೋಟಾದ ಅವರ ಓಣಿ ದಾಟಲು ವಾರ ಹಿಡಿಯುತ್ತಿತ್ತೇನೋ. ಆದರೆ ಅವನು ವಿಜಯಪುರದಿಂದ ತಿಕೋಟಾ ಮೇಲೆ ಹೊನವಾಡಕ್ಕೆ ಹೋಗಿಬರುವ ಬಸ್ಸಿನ ಕಂಡಕ್ಟರ್. ಬೆಳಗಿನ ಟ್ರಿಪ್ಪಿನಲ್ಲಿ ಅವನು ಹೇಳಿದ್ದು ಮಧ್ಯಾಹ್ನದ ಟ್ರಿಪ್ಪಿನಲ್ಲಿ ಅವನ ಕಿವಿಗೇ ತಿರುಗಿ ಬಂತು, ಅದೂ ಮೈಕೈ ತುಂಬಿಕೊಂಡು.

“ಧೂಳಪ್ಪಣ್ಣ, ನಿನ್ನ ಮಗಳಿಗೆ ಅಮೇರಿಕಾದಾಗ ನೌಕರಿ ಹತ್ತೇತಂತಲ್ಲೋ?” ಎಂದು ಹೊನವಾಡದ ಒಬ್ಬ ಮುದುಕ ಕೇಳಿದ.

“ನೌಕರಿ ಅಲ್ಲೋ ಮಾರಾಯಾ, ಓದಾಕ. ಎಂ.ಎಸ್ಸಿ. ಪುಕ್ಕಟೆ ಓದಸ್ತಾರ, ಮ್ಯಾಲ ಪಗಾರನೂ ಕೊಡ್ತಾರ.”

“ಓದಾಕ ಪಗಾರ ಕೊಡ್ತಾರ?” ಮುದುಕ ಇದನ್ನು ಸ್ವಲ್ಪ ಹೊತ್ತು ಅಗಿದ. “ನ್ಯೂಯಾರ್ಕೇನು?”

“ನ್ಯೂಯಾರ್ಕ್ ಬಾಜೂಕ.”

ಆ ಊರು ಇದ್ದದ್ದು ನೆಬ್ರಾಸ್ಕಾ ಎಂಬ ರಾಜ್ಯದಲ್ಲಿ. ಅಲ್ಲಿಂದ ನ್ಯೂಯಾರ್ಕಿಗೆ ವಿಜಯಪುರದಿಂದ ಕಾಶ್ಮೀರಕ್ಕೆ ಇದ್ದಷ್ಟು ದೂರ ಎಂದು ಗೌತಮಿ ನಕ್ಷೆ ತೋರಿಸಿ ಹೇಳಿದ್ದಳು. ಆದರೆ ನೆಬ್ರಾಸ್ಕಾ ಅನ್ನುವುದು ಧೂಳಪ್ಪನ ನಾಲಿಗೆಗೆ ಹೊರಳಲಿಲ್ಲ. ಹೊರಳಿದರೂ ಕೇಳಿದವರ ಮುಖದಲ್ಲಿ ಏನೂ ಬೆಳಗುತ್ತಿರಲಿಲ್ಲ. ನ್ಯೂಯಾರ್ಕ್ ಎಂದರೆ ಬೆಳಗುತ್ತಿತ್ತು.

ಗೌತಮಿ ಕೃಷಿ ಪದವಿ ಮುಗಿಸಿ ವಿಜಯಪುರದ ಒಂದು ಖಾಸಗಿ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಹೊನವಾಡ, ಕಳ್ಳಕವಟಗಿ ಕಡೆಯ ರೈತರು ಅಂಚು ಸುಟ್ಟ ದ್ರಾಕ್ಷಿ ಎಲೆಗಳನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರು ಉಪ್ಪಾಗುತ್ತದೆ, ಆ ಉಪ್ಪು ಬೇರಿಗೆ ಏನು ಮಾಡುತ್ತದೆ ಎಂಬುದು ಅವಳ ತಲೆಯಲ್ಲಿ ಹೊಕ್ಕು ಕೂತಿತ್ತು. ಅದರ ಬಗ್ಗೆ ಓದಬೇಕೆಂದು ಹುಡುಕುತ್ತ ಹೋದವಳಿಗೆ ಡಾಕ್ಟರ್ ಮಿಲ್ಲರ್ ಎಂಬ ಪ್ರೊಫೆಸರರ ಲೇಖನಗಳು ಸಿಕ್ಕವು.

ಅರ್ಜಿ ಹಾಕುವುದು ಹೇಗೆಂದು ಕೇಳಲು ಅಪ್ಪ ಮಗಳು ಜೋರಾಪುರ ಪೇಟೆಗೆ ಹೋದರು. ಅಲ್ಲಿ ಚೇತನಕುಮಾರ ಎಂಬುವನು ತನ್ನ ತಂದೆಯ ಕಾಳಿನ ಅಂಗಡಿಯ ಮಹಡಿಯ ಮೇಲೆ ವಿದೇಶಿ ವಿದ್ಯಾಭ್ಯಾಸದ ಸಲಹಾ ಕೇಂದ್ರ ತೆರೆದಿದ್ದ. ಗೋಡೆಯ ಮೇಲೆ ಐದು ದೇಶಗಳ ಬಾವುಟ, ಮೂಲೆಯಲ್ಲಿ ಕೆಳಗೆ ಜಾಗ ಸಾಲದೆ ಮೇಲೆ ಬಂದ ತೊಗರಿಯ ಚೀಲ. ಅವನಿಗೇ ಎರಡು ಸಲ ವೀಸಾ ನಿರಾಕರಣೆಯಾಗಿತ್ತು. ಆ ಅನುಭವವೇ ತನ್ನ ಬಂಡವಾಳ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ.

“ನೀವು ಅವರಿಗೆ ಒಂದು ಪ್ರಬಂಧ ಬರ್ದು ಕಳಿಸ್ಬೇಕು, ತಂಗಿ. ನಾನು ಯಾರು, ಯಾಕ ಓದ್ತೀನಿ ಅಂತ,” ಎಂದ ಚೇತನಕುಮಾರ. “ಅದರಾಗ ಕಷ್ಟ ಇರಬೇಕು. ಕಷ್ಟ ಇಲ್ದ ಅಮೇರಿಕಾದವರು ಓದಂಗಿಲ್ಲ. ನಿಮ್ಮ ಮನ್ಯಾಗ ಏನೇನು ಕಷ್ಟ ಅದಾವ ಹೇಳ್ರಿ.”

ಗೌತಮಿ ಯೋಚಿಸಿದಳು. “ನಮ್ಮಪ್ಪಗ ಪರ್ಮನೆಂಟ್ ನೌಕರಿ ಐತ್ರಿ. ಅವ್ವ ಒಣದ್ರಾಕ್ಷಿ ಶೆಡ್ಡಿನಾಗ ಕೆಲಸ ಮಾಡ್ತಾಳ. ಈಗೇನು ಹಂಥಾ ಕಷ್ಟ ಇಲ್ರಿ.”

“ನೀವು ಬುದ್ಧನ ಪೂಜಾ ಮಾಡೋ ಮಂದಿ ಹೌದಲ್ರಿ?” ಚೇತನಕುಮಾರ ಧ್ವನಿ ತಗ್ಗಿಸಿದ. “ಅದನ್ನ ಬರೀರಿ. ಬಾವಿ ನೀರು ಮುಟ್ಟಗೊಡ್ಲಿಲ್ಲ, ಸಾಲ್ಯಾಗ ಹೊರಗ ಕುಂಡರ್ಸಿದ್ರು, ಅಂಥವು. ಆಗದಿದ್ರೂ ನಡೀತೈತಿ. ನಾನು ಬರ್ದು ಕೊಡ್ತೀನಿ.”

ಧೂಳಪ್ಪನಿಗೆ ಇದು ಕೆಟ್ಟದ್ದೆನಿಸಲಿಲ್ಲ. ಸೀಟು ಸಿಗುವುದಾದರೆ ತಾನು ಬರಿಗಾಲಲ್ಲಿ ಬಸ್ಸಿನ ಹಿಂದೆ ಓಡಿದೆ ಎಂದು ಬರೆದರೂ ಅವನಿಗೆ ಅಡ್ಡಿಯಿರಲಿಲ್ಲ. ಆದರೆ ಗೌತಮಿ ಎದ್ದು ನಿಂತಳು. “ಆದದ್ದು ಬ್ಯಾರೇ ಐತ್ರಿ, ಅದು ನಿಮಗ ಬರಿಯಾಕ ಬರಂಗಿಲ್ಲ,” ಎಂದಳು. ಮನೆಗೆ ಬಂದು ಎರಡು ಪುಟ ಉಪ್ಪುನೀರಿನ ಬಗ್ಗೆಯೇ ಬರೆದು ಕಳಿಸಿದಳು. ಮೂರು ತಿಂಗಳ ನಂತರ ಡಾಕ್ಟರ್ ಮಿಲ್ಲರ್ ಅವರಿಂದ ಉತ್ತರ ಬಂತು: ಹೊನವಾಡದ ಬಗ್ಗೆ ಇನ್ನಷ್ಟು ಹೇಳಿ. ಅದಾದ ಮೇಲೆ ಸೀಟು ಬಂತು, ಸಹಾಯಕಿಯ ಹುದ್ದೆಯೂ ಬಂತು.

ಉಳಿದದ್ದು ಹೈದರಾಬಾದಿನಲ್ಲಿ ವೀಸಾ ಸಂದರ್ಶನ. ಅದಕ್ಕೆ ಧೂಳಪ್ಪ ಮನೆಯಲ್ಲಿ ತಾಲೀಮು ನಡೆಸಿದ. ಡ್ಯೂಟಿ ಮುಗಿಸಿ ಬಂದು ಖಾಕಿ ಅಂಗಿ ಬಿಚ್ಚದೆ ಕುರ್ಚಿಯ ಮೇಲೆ ಕೂತು ಮಗಳನ್ನು ಎದುರಿಗೆ ನಿಲ್ಲಿಸುತ್ತಿದ್ದ. ಹೆಂಡತಿ ರುಕ್ಮವ್ವ ರೊಟ್ಟಿ ಬಡಿಯುತ್ತ ನೋಡುತ್ತಿದ್ದಳು.

“ಓದಿದಮ್ಯಾಲ ವಾಪಸ್ ಬರ್ತೀಯೇನು?” ಧೂಳಪ್ಪ ಟಿಕೆಟ್ ಇಲ್ಲದ ಪ್ರಯಾಣಿಕನನ್ನು ಕೇಳುವ ಗಡಸಿನಲ್ಲಿ ಕೇಳುತ್ತಿದ್ದ.

“ಬರ್ತೀನ್ರಿ.”

“ಹಂಗಲ್ಲ, ಗಟ್ಟಿ ಹೇಳು. ಇದ ಮುಖ್ಯ ಪ್ರಶ್ನಾ ಅಂತ ಚೇತನಕುಮಾರ ಹೇಳ್ಯಾನ. ಅವಗ ಎರಡು ಸಲ ಇದರಾಗ ಹೊಡತ ಬಿದ್ದೈತಿ.”

“ಬಂದಽ ಬರ್ತೀನ್ರಿ ಸಾಹೇಬ್ರ. ನಮ್ಮ ಊರಿನ ಕೆಲಸಕ್ಕಂತನ ಹೊಂಟೀನಿ.”

“ಶಾಬಾಸ್,” ಎನ್ನುತ್ತಿದ್ದ ಧೂಳಪ್ಪ. ಆಮೇಲೆ ಅಂಗಿ ಬಿಚ್ಚುತ್ತ ಹೆಂಡತಿಗೆ ಮೆಲ್ಲಗೆ ಹೇಳುತ್ತಿದ್ದ: “ಒಮ್ಮೆ ಹೋದ್ರ ಸಾಕು. ಯಾರು ವಾಪಸ್ ಬರ್ತಾರ?”

ವೀಸಾ ಆಯಿತು. ತಿಕೋಟಾದ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದಿತು. ಅದರಲ್ಲಿ ಲಿಬರ್ಟಿ ಪ್ರತಿಮೆ, ವಿಮಾನ, ಅಭಿನಂದಿಸುವ ಹದಿನಾಲ್ಕು ಯುವ ಮುಖಂಡರ ಮುಖಗಳು, ಮತ್ತು ಬಲಕ್ಕೆ ಕೆಳಗಡೆ, ಪ್ರತಿಮೆಯ ಪಾದದ ಹತ್ತಿರ, ಗೌತಮಿ. ವಿಜಯಪುರದಲ್ಲಿ ಒಂದು ಸಮಾರಂಭವೂ ನಡೆಯಿತು. ಹೊನವಾಡದ ದೊಡ್ಡ ದ್ರಾಕ್ಷಿ ಬೆಳೆಗಾರ ಶಿವಯೋಗೆಪ್ಪನವರು ಅವಳಿಗೆ ಶಾಲು ಹೊದಿಸಿ, “ಈಕಿ ಧೂಳಪ್ಪನ ಮಗಳಲ್ಲ, ನಮ್ಮ ಮಗಳು” ಎಂದು ಮೈಕಿನಲ್ಲಿ ಹೇಳಿದರು. ಧೂಳಪ್ಪ ಚಪ್ಪಾಳೆ ತಟ್ಟಿದ. ಮನೆಗೆ ಬರುವಾಗ ಮಾತ್ರ ಆ ವಾಕ್ಯದ ಮೊದಲರ್ಧ ಅವನಿಗೆ ಸ್ವಲ್ಪ ಚುಚ್ಚಿತು.

ಆಗಸ್ಟಿನಲ್ಲಿ ಗೌತಮಿ ಹೋದಳು. ರವಿವಾರಕ್ಕೊಮ್ಮೆ ವಿಡಿಯೋ ಕರೆ ಬರುತ್ತಿತ್ತು. ಅವಳು ತೋರಿಸಿದ ಅಮೆರಿಕ ಧೂಳಪ್ಪನಿಗೆ ಸಮಾಧಾನ ತರಲಿಲ್ಲ. ಎತ್ತ ನೋಡಿದರೂ ಸಪಾಟು ಕರಿಯ ಹೊಲ, ಮೆಕ್ಕೆಜೋಳ, ಮೇಲೆ ದೊಡ್ಡ ಆಕಾಶ.

“ಇದೇನಬೇ, ತಿಕೋಟಾ ಇದ್ದಂಗ ಐತಿ,” ಎಂದ.

“ಹಂಗ ಐತ್ಯಪ್ಪಾ. ಮಂದಿ ಇಲ್ಲ, ಅಷ್ಟ. ಬಸ್ಸೂ ಇಲ್ಲ.”

“ಬಸ್ಸಿಲ್ಲ?”

“ಊರಿಂದ ಊರಿಗಿ ಇಲ್ಲ. ಎಲ್ಲರೂ ಕಾರ್ ತಗೊಂಡು ಅಡ್ಡಾಡ್ತಾರ.”

ಬಸ್ಸಿಲ್ಲದ ದೇಶವನ್ನು ಅದು ಹೇಗೆ ಮುಂದುವರಿದ ದೇಶ ಎನ್ನುತ್ತಾರೋ ಧೂಳಪ್ಪನಿಗೆ ತಿಳಿಯಲಿಲ್ಲ. ಈ ಸಂಗತಿಯನ್ನು ಅವನು ಬಸ್ಸಿನಲ್ಲಿ ಯಾರಿಗೂ ಹೇಳಲಿಲ್ಲ. ಹಿಮ ಬಿದ್ದದ್ದನ್ನು ಹೇಳಿದ, ಸೊಂಟದ ತನಕ ಎಂದು ಹೇಳಿದ. ಗೌತಮಿ ಪರೀಕ್ಷೆಗಳಲ್ಲಿ ಮುಂದಿದ್ದಾಳೆ, ಅಲ್ಲಿಯ ಹುಡುಗರ ಉತ್ತರಪತ್ರಿಕೆ ಇವಳೇ ತಿದ್ದುತ್ತಾಳೆ ಎಂದ. ಇದು ನಿಜವಾಗಿತ್ತು. ಬೇರೆಯವುಗಳ ನಡುವೆ ಅದೂ ಸುಳ್ಳಿನ ಹಾಗೆಯೇ ಕೇಳಿಸಿತು.

ಏಪ್ರಿಲ್ ಕೊನೆಯ ಒಂದು ರವಿವಾರ ಗೌತಮಿ ನಗುನಗುತ್ತ ಕರೆ ಮಾಡಿದಳು. “ಯಪ್ಪಾ, ಡಾಕ್ಟರ್ ಮಿಲ್ಲರ್ ಅವರಿಗೆ ದೊಡ್ಡ ಸಂಶೋಧನಾ ಅನುದಾನ ಬಂದೈತಿ. ಉಪ್ಪುನೀರಿನ ಮ್ಯಾಲ. ನಾನು ಅರ್ಜ್ಯಾಗ ಬರ್ದಿದ್ನಲ್ಲ, ಅದ ವಿಷಯ. ಮೂರು ತಿಂಗಳು ಅಲ್ಲೇ ಬಂದು ನೀರು, ಎಲಿ ಎಲ್ಲಾ ಜಮಾ ಮಾಡಬೇಕಂತ.”

“ಎಲ್ಲೆ?”

“ಹೊನವಾಡದಾಗ.”

ಧೂಳಪ್ಪ ಫೋನನ್ನು ಕಣ್ಣ ಹತ್ತಿರ ತಂದು ನೋಡಿದ. “ನಿನ್ನ ಅಮೇರಿಕಾದವರು ಹೊನವಾಡಕ್ಕ ಕಳಿಸಾಕತ್ತಾರ?”

“ಹೌದಪ್ಪಾ! ನಸೀಬ ನೋಡು.”

ಧೂಳಪ್ಪ ತನ್ನ ನಸೀಬು ನೋಡಿಕೊಂಡ. ಟಿವಿಯಲ್ಲಿ ಆಗ ದಿನಬೆಳಗಾದರೆ ಅಮೆರಿಕದಿಂದ ಜನರನ್ನು ಬೇಡಿ ಹಾಕಿ ವಿಮಾನದಲ್ಲಿ ಕೂರಿಸಿ ವಾಪಸು ಕಳಿಸುವ ಸುದ್ದಿ. ಮಗಳು ವರ್ಷ ತುಂಬುವ ಮೊದಲೇ ಚೀಲ ಹೊತ್ತು ಬಂದಿಳಿದರೆ ಬಸ್ಸಿನ ಜನ ಏನೆನ್ನುತ್ತಾರೆಂದು ಊಹಿಸಲು ಅವನಿಗೆ ಕಷ್ಟವಾಗಲಿಲ್ಲ. ಅವಳು ವಿಜಯಪುರದಲ್ಲಿ ಬಾಡಿಗೆಗೆ ಖೋಲಿ ಮಾಡಿಕೊಂಡು ಇರಲಿ, ಮುಖಕ್ಕೆ ಸ್ಕಾರ್ಫ್ ಕಟ್ಟಿಕೊಂಡು ಅಡ್ಡಾಡಲಿ ಎಂದು ಸಲಹೆ ಮಾಡಿದ. ಗೌತಮಿ ನಕ್ಕಳು. ರುಕ್ಮವ್ವ ನಗಲಿಲ್ಲ. “ಮಗಳು ಮನಿಗಿ ಬರ್ತಾಳ ಅಂದ್ರ ಖೋಲಿ ಮಾಡು ಅಂತೀಯಲ್ಲ, ನಿನಗ ನಾಚಿಕಿ ಇಲ್ಲೇನು?” ಎಂದಳು.

ಅವಳು ಬಂದಳು. ತೋಟಗಳಿಗೆ ಹೋಗಲು ಇದ್ದದ್ದು ಬೆಳಗಿನ ಹೊನವಾಡ ಬಸ್ಸು, ಅಂದರೆ ಅಪ್ಪನ ಬಸ್ಸು. ಮೊದಲ ದಿನ ತಿಕೋಟಾದಲ್ಲಿ ಹತ್ತಿದ ಮಗಳ ಮುಂದೆ ಧೂಳಪ್ಪ ಟಿಕೆಟ್ ಮಷಿನ್ನು ಹಿಡಿದು ನಿಂತ. ಬಸ್ಸಿನ ಕತ್ತುಗಳೆಲ್ಲ ಇತ್ತ ತಿರುಗಿದವು.

“ಎಲ್ಲಿಗೆ?” ಎಂದ, ಅಪರಿಚಿತರನ್ನು ಕೇಳುವ ಹಾಗೆ.

“ಹೊನವಾಡ.”

ಹೆಂಗಸರಿಗೆ ಪ್ರಯಾಣ ಉಚಿತ, ಆದರೆ ಗುರುತಿನ ಚೀಟಿ ತೋರಿಸಬೇಕು. ಗೌತಮಿ ಪರ್ಸಿಗೆ ಕೈ ಹಾಕಿದಾಗ ಮೊದಲು ಬಂದದ್ದು ವಿಶ್ವವಿದ್ಯಾಲಯದ ಕಾರ್ಡು. ಧೂಳಪ್ಪ ಅಭ್ಯಾಸಬಲದಿಂದ, “ಇದು ನಡಿಯಂಗಿಲ್ಲ, ಕರ್ನಾಟಕದ್ದು ತೋರಸ್ರಿ” ಎಂದುಬಿಟ್ಟ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು.

“ರಜಾಕ್ಕ ಬಂದಾಳ,” ಎಂದು ಧೂಳಪ್ಪ ಆ ವಾರವೆಲ್ಲ ಹೇಳಿದ. ಎರಡನೆಯ ವಾರ, “ಅಲ್ಲೆ ರಜಾ ಜಾಸ್ತಿ ಇರ್ತಾವ” ಎಂದ. ಮೂರನೆಯ ವಾರದ ಹೊತ್ತಿಗೆ ಜನ ಕೇಳುವುದನ್ನೇ ಬಿಟ್ಟರು, ಅದು ಇನ್ನೂ ಕೆಟ್ಟದಾಗಿತ್ತು. ಪಕ್ಕದಲ್ಲಿ ಕೂತ ಒಬ್ಬ ಹೆಂಗಸು, “ಬಳಿ ಭಾಳ ಚಂದ ಅದಾವಬೇ” ಎಂದು ಗೌತಮಿಯ ಕೈ ಹಿಡಿದು, ಮಣಿಕಟ್ಟನ್ನು ಆಚೆ ಈಚೆ ತಿರುವಿ, ಬೇಡಿಯ ಗುರುತು ಹುಡುಕಿದಳು. ಸಂಜೆ ಗೌತಮಿ ಕೊಳವೆಬಾವಿಗಳ ನೀರು ತುಂಬಿದ ಸಣ್ಣ ಸಣ್ಣ ಬಾಟಲಿಗಳ ಚೀಲ ಹೊತ್ತು ಹತ್ತುತ್ತಿದ್ದಳು. ಪ್ರತಿ ಬಾಟಲಿಗೂ ಚೀಟಿ ಅಂಟಿಸಿತ್ತು. ಹೊನವಾಡದಲ್ಲಿ ಒಂದು ಮಾತು ಹುಟ್ಟಿ ಬಸ್ಸು ಹತ್ತಿ ವಿಜಯಪುರದವರೆಗೂ ಬಂತು: ಧೂಳಪ್ಪನ ಮಗಳು ಅಮೇರಿಕಾದಿಂದ ಬಂದು ನೀರು ಮಾರಾಕತ್ತಾಳ.

ಮೇ ಮುಗಿಯುವ ಹೊತ್ತಿಗೆ ಬಬಲೇಶ್ವರದಿಂದ ಧೂಳಪ್ಪನ ಅಕ್ಕ ರಾಚವ್ವ ಬಂದಳು. ಬಬಲೇಶ್ವರದಲ್ಲೇ ಕರೆಂಟಿನ ಆಫೀಸಿನಲ್ಲಿದ್ದ ಕುನಾಲ ಎಂಬ ಹುಡುಗನ ಮನೆಯವರು ಹಿಂದೆ ಗೌತಮಿಯನ್ನು ಸೊಸೆಯಾಗಿ ಕೇಳಬೇಕೆಂದಿದ್ದವರು, ಫ್ಲೆಕ್ಸ್ ನೋಡಿ ಹೆದರಿ ಸುಮ್ಮನಾಗಿದ್ದರಂತೆ. ಈಗ ಅವರಿಗೆ ಧೈರ್ಯ ಬಂದಿತ್ತು.

“ಆದದ್ದು ಆಗಿ ಹೋತು ಅಂತಾರವ್ರು,” ಎಂದಳು ರಾಚವ್ವ, ಗೌತಮಿಯ ತಲೆ ಸವರುತ್ತ. “ದೊಡ್ಡ ಮನಸಿನ ಮಂದಿ. ಅಮೇರಿಕಾದ ಮಾತು ಒಮ್ಮೆರೆ ಎತ್ತಂಗಿಲ್ಲ ಅಂದಾರ.”

“ಏನಾಗೇತಿ ಅತ್ತೀ ನನಗ?” ಗೌತಮಿ ಕೇಳಿದಳು.

“ಏನೂ ಆಗಿಲ್ಲವ್ವ, ಏನೂ ಆಗಿಲ್ಲ,” ಎಂದು ರಾಚವ್ವ ಕಣ್ಣೊರೆಸಿಕೊಂಡಳು.

ಅವಳು ಹೋದ ಮೇಲೆ ಧೂಳಪ್ಪ ತಡೆಯಲಾರದೆ ಕೂಗಾಡಿದ. ಗೋಡೆಯ ಮೇಲೆ ಬುದ್ಧನ ಫೋಟೋದ ಪಕ್ಕದಲ್ಲಿದ್ದ ಬಾಬಾಸಾಹೇಬರ ಫೋಟೋ ತೋರಿಸಿ, “ಅವರ ಹಂಗ ಅಮೇರಿಕಾಕ್ಕ ಹೋಗಿ ಓದ್ತಾಳ ನನ್ನ ಮಗಳು ಅಂತ ಎದಿ ತಟ್ಟಿಕೊಂಡು ಹೇಳಿದ್ನಲ್ಲೇ!” ಎಂದ.

“ಅವರೂ ವಾಪಸ್ ಬಂದ್ರಲ್ಲಪ್ಪಾ,” ಎಂದಳು ಗೌತಮಿ.

ಧೂಳಪ್ಪ ಫೋಟೋದ ಕಡೆ ಬೆನ್ನು ಮಾಡಿದ. ಊಟ ಮಾಡದೆ ಮಲಗಿದ.

ಗೌತಮಿಗೂ ಎಲ್ಲವೂ ಸರಾಗವಾಗಿರಲಿಲ್ಲ ಎಂದು ಆ ರಾತ್ರಿ ಅವಳೇ ಅವನ ಹಾಸಿಗೆಯ ಬಳಿ ಕೂತು ಹೇಳಿದಾಗ ಅವನಿಗೆ ಗೊತ್ತಾಯಿತು. ಶಿವಯೋಗೆಪ್ಪನವರ ತೋಟದ ಮೂರು ಕೊಳವೆಬಾವಿಗಳಲ್ಲಿ ಹೊಸದರ ನೀರು ಅಲ್ಲಿಯೇ ಮೀಟರಿಟ್ಟು ನೋಡಿದರೂ ತೀರ ಉಪ್ಪು. ಇದನ್ನು ಬಳ್ಳಿಗೆ ಬಿಡಬೇಡಿ ಎಂದು ಅವಳು ಹೇಳಿದರೆ ಅವರು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. “ನಿಮ್ಮ ಸಾಹೇಬ್ರು ಯಾವಾಗ ಬರ್ತಾರ?” ಎಂದಷ್ಟೇ ಕೇಳಿದರು. ಸಾಹೇಬರು ಬಂದು ನೋಡಿ ಹೇಳಲಿ, ಆಗ ನೋಡೋಣ.

“ಬರ್ತಾರೇನು ಖರೇನ?” ಧೂಳಪ್ಪ ಎದ್ದು ಕೂತ.

“ಜುಲೈದಾಗ ಡಾಕ್ಟರ್ ಮಿಲ್ಲರ್ ಅವರು ಬರ್ತಾರಪ್ಪಾ. ನಾ ಹೇಳಿದ್ನಲ್ಲ.”

ಹೇಳಿದ್ದಳೇನೋ. ಧೂಳಪ್ಪನಿಗೆ ಆಗ ತಲೆಯಲ್ಲಿ ಬೇರೆಯದು ತುಂಬಿತ್ತು. ಈಗ ಅವನ ಕಣ್ಣ ಮುಂದೆ ದಾರಿ ತೆರೆಯಿತು. ಮಿಲ್ಲರ್ ಸಾಹೇಬರು ಬಾಡಿಗೆ ಕಾರಿನಲ್ಲಿ ಹೋದರೆ ಯಾರು ನೋಡುತ್ತಾರೆ? ತನ್ನ ಬಸ್ಸಿನಲ್ಲಿ ಬರಬೇಕು. ಎಲ್ಲರೂ ನೋಡಬೇಕು. ಬಸ್ಸಿಲ್ಲದ ಊರಿನವರಿಗೆ ಅದೂ ಒಂದು ಅನುಭವ ಎಂದು ಮಗಳನ್ನು ಒಪ್ಪಿಸಿದ. ಮರುದಿನದಿಂದಲೇ ಬಸ್ಸಿನಲ್ಲಿ ಸಾರತೊಡಗಿದ. “ಅಮೇರಿಕಾದ ದೊಡ್ಡ ಸಾಹೇಬ್ರು ಬರಾಕತ್ತಾರ. ನನ್ನ ಮಗಳ ಕೆಲಸ ನೋಡಾಕ.” ಮಾತು ಶಿವಯೋಗೆಪ್ಪನವರಿಗೂ ಮುಟ್ಟಿತು. ಅವರು ಪೆಂಡಾಲಿಗೆ, ತಲೆಗೆ ಸುತ್ತುವ ಪಟಗಾಕ್ಕೆ, ಶಾಲಿಗೆ, ಪತ್ರಿಕೆಯವರಿಗೆ ಹೇಳಿದರು.

ಆ ದಿನ ಧೂಳಪ್ಪ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮಗಳ ಜೊತೆ ವಿಜಯಪುರದ ಲಾಡ್ಜಿಗೆ ಹೋದ. ಮೆಟ್ಟಿಲಿಳಿದು ಇಬ್ಬರು ಬಂದರು. ಒಬ್ಬ ಆರಡಿಗೂ ಎತ್ತರದ, ಕೆಂಪು ಮುಖದ, ಬಿಳಿ ಗಡ್ಡದ ಗಂಡಸು. ಅವನ ಹಿಂದೆ ಗಿಡ್ಡಗಿನ, ಎಣ್ಣೆಗಪ್ಪು ಬಣ್ಣದ, ಗುಂಗುರು ಕೂದಲನ್ನು ಬಿಗಿದು ಕಟ್ಟಿದ ಹೆಂಗಸು. ಕಾಟನ್ ಚೂಡಿದಾರ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಧೂಳಪ್ಪ ಗಂಡಸಿಗೆ ಕೈಮುಗಿದ. “ನಮಸ್ಕಾರ್ರಿ ಮಿಲ್ಲರ್ ಸಾಹೇಬ್ರ.”

ಗೌತಮಿ ಅವನ ತೋಳು ಜಗ್ಗಿದಳು. “ಅಪ್ಪಾ, ಇವರು ಡಾಕ್ಟರ್ ಮಿಲ್ಲರ್.”

ಅವಳು ತೋರಿಸಿದ್ದು ಹೆಂಗಸನ್ನು.

ಡಾಕ್ಟರ್ ಅಲ್ಮಾಜ್ ಮಿಲ್ಲರ್ ಹುಟ್ಟಿದ್ದು ಇಥಿಯೋಪಿಯಾದಲ್ಲಿ, ಓದಲು ಅಮೆರಿಕಕ್ಕೆ ಹೋಗಿ ಅಲ್ಲೇ ಪ್ರೊಫೆಸರ್ ಆದವರು. ಎತ್ತರದವನು ಅವರ ಗಂಡ ವಾಲ್ಟರ್ ಮಿಲ್ಲರ್, ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಮೇಷ್ಟ್ರು. ಗೋಳಗುಮ್ಮಟದಲ್ಲಿ ಪಿಸುಗುಟ್ಟಿದರೆ ಆಚೆ ಗೋಡೆಗೆ ಕೇಳಿಸುತ್ತದೆಂದು ಎಲ್ಲೋ ಓದಿ, ಅದನ್ನು ಕಿವಿಯಾರೆ ಕೇಳಲು ಹೆಂಡತಿಯ ಜೊತೆ ಬಂದಿದ್ದ. ಮಗಳು ವರ್ಷವಿಡೀ “ಅವರು ಹೇಳಿದರು, ಅವರು ಬಂದರು” ಎಂದೇ ಹೇಳುತ್ತಿದ್ದಳು. ಅವರು ಎಂದರೆ ಗಂಡಸೋ ಹೆಂಗಸೋ ಎಂದು ಧೂಳಪ್ಪ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

“ಮೊದಲ ಹೇಳಾಕ ಏನಾಗಿತ್ತಬೇ ನಿನಗ?” ಎಂದು ಹಲ್ಲು ಕಚ್ಚಿ ಕೇಳಿದ.

“ನೀ ಕೇಳಿದ್ದೆಲ್ಲೆ?”

ಬಸ್ಸಿನಲ್ಲಿ ಧೂಳಪ್ಪ ಹೆದರಿದ್ದೇ ಆಯಿತು. ವಾಲ್ಟರ್ ಹತ್ತಿದಾಗ ಮೂರು ಜನ ಎದ್ದು ಸೀಟು ಬಿಟ್ಟರು. ಅಲ್ಮಾಜ್ ಕಂಬ ಹಿಡಿದು ನಿಂತರು. ಬದಲಿ ಕಂಡಕ್ಟರ್ ಅವರ ಹತ್ತಿರ ಬಂದು, “ಆಧಾರ್ ತೋರಸ್ಬೇ” ಎಂದ. ಅವರು ನಗುತ್ತ ಅರ್ಥವಾಗದೆ ಗೌತಮಿಯತ್ತ ನೋಡಿದರು. ತಿಕೋಟಾದಲ್ಲಿ ಹತ್ತಿದ ಒಬ್ಬಳು ಅವರನ್ನು, “ಯಾವೂರವ್ವ? ಯಾದಗಿರಿ ಕಡೇದಾಕಿ ಏನು?” ಎಂದು ವಿಚಾರಿಸಿದಳು. ಧೂಳಪ್ಪ ಕೂಗಿ ಹೇಳಿದ: “ಈಕೀನ ಅಮೇರಿಕಾದ ಸಾಹೇಬ್ರು! ಆ ಗಡ್ಡದವ್ರು ಬರೇ ಗಂಡ!” ಬಸ್ಸಿಗೆ ಬಸ್ಸೇ ನಕ್ಕಿತು. ವಾಲ್ಟರನೂ ನಕ್ಕ, ಎಲ್ಲರಿಗೂ ಕೈ ಬೀಸಿದ. ಜನಕ್ಕೆ ಅವನು ತುಂಬ ಹಿಡಿಸಿದ.

ತೋಟದ ಬಾಗಿಲಲ್ಲಿ ಶಿವಯೋಗೆಪ್ಪನವರು ಸಕಲ ಸಿದ್ಧತೆಯೊಂದಿಗೆ ನಿಂತಿದ್ದರು. ಗೌತಮಿ ಪರಿಚಯ ಮಾಡಿಸುವಷ್ಟರಲ್ಲಿ ಹಲಗಿ ಬಾರಿಸುವುದು ಶುರುವಾಯಿತು. ಅವಳ ಮಾತು ಅದರಲ್ಲಿ ಮುಳುಗಿತು. ಶಿವಯೋಗೆಪ್ಪನವರು ಅಲ್ಮಾಜರ ತಲೆಯ ಮೇಲಿಂದ ಕೈ ಚಾಚಿ ವಾಲ್ಟರನಿಗೆ ಗುಲಾಬಿ ಪಟಗಾ ಸುತ್ತಿಸಿದರು, ಶಾಲು ಹೊದಿಸಿದರು, ಒಣದ್ರಾಕ್ಷಿಯ ಬುಟ್ಟಿ ಕೊಟ್ಟರು. ಪತ್ರಿಕೆಯ ಫೋಟೋಗ್ರಾಫರ್ ಅಲ್ಮಾಜರನ್ನು, “ಸ್ವಲ್ಪ ಬಾಜೂಕ ಸರೀಬೇ” ಎಂದು ಚೌಕಟ್ಟಿನಿಂದ ಆಚೆ ಸರಿಸಿದ. ಅವರು ಸರಿದರು. ಸರಿದು, ಹಾಗೆಯೇ ದ್ರಾಕ್ಷಿಯ ಸಾಲಿನೊಳಗೆ ಹೋಗಿ, ಎಲೆ ತಿರುವಿ ನೋಡತೊಡಗಿದರು.

“ಸಾಹೇಬ್ರು ಉಪ್ಪುನೀರಿನ ಬಗ್ಗೆ ನಮ್ಮ ರೈತರಿಗೆ ಎರಡು ಮಾತು ಹೇಳ್ಬೇಕು,” ಎಂದು ಮೈಕು ವಾಲ್ಟರನ ಬಾಯಿಗೆ ಹಿಡಿದರು. ಗೌತಮಿ ಅನುವಾದಕ್ಕೆ ನಿಂತಳು.

ವಾಲ್ಟರ್ ಕೆಮ್ಮಿ, ಇಂಗ್ಲಿಷಿನಲ್ಲಿ ಮಾತಾಡಿದ. ಗೌತಮಿ ಮಾತಿಗೆ ಮಾತಿಟ್ಟು ಕನ್ನಡಕ್ಕೆ ತಂದಳು: “ನೀವು ತೋರಿಸಿದ ಪ್ರೀತಿಗಿ ಶರಣಾರ್ಥಿ. ಆದ್ರ ನನಗ ನೀರಿನ ವಿಷಯ ಏನೂ ಗೊತ್ತಿಲ್ಲ. ನಾನು ಸಾಲಿ ಮಕ್ಕಳಿಗಿ ಸಂಗೀತ ಕಲಸ್ತೀನಿ. ಇದೆಲ್ಲಾ ನನ್ನ ಹೆಂಡತೀನ್ನ ಕೇಳ್ರಿ, ಇಲ್ಲಾ ಈ ಗೌತಮೀನ್ನ ಕೇಳ್ರಿ. ಇಬ್ಬರೂ ನನಕಿಂತ ಶಾಣ್ಯಾರು.”

ಪೆಂಡಾಲಿನ ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಶಿವಯೋಗೆಪ್ಪನವರು ತಲೆದೂಗಿ, ಮೈಕಿಗೆ ಬಾಗಿ, ಗದ್ಗದ ಧ್ವನಿಯಲ್ಲಿ ಹೇಳಿದರು: “ನೋಡ್ರಿ! ದೊಡ್ಡವರು ಅಂದ್ರ ಹಿಂಗಿರ್ತಾರ. ಎಲ್ಲಾ ತಿಳಿದೂ ಏನೂ ಗೊತ್ತಿಲ್ಲ ಅಂತಾರ. ಇಂಥಾ ವಿನಯ ನಮ್ಮ ವಿಜ್ಞಾನಿಗಳಿಗೆಲ್ಲೈತಿ?” ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು.

ಧೂಳಪ್ಪ ಹಿಂದಿನ ಸಾಲಿನಲ್ಲಿ ಎದ್ದು ನಿಂತ. “ಆಕಿ ಖರೇನ ಹೇಳಿದ್ಳು. ಅವ್ರು ಸಂಗೀತದ ಮಾಸ್ತರು,” ಎಂದ. ಪಕ್ಕದವನು ಅವನ ಅಂಗಿ ಹಿಡಿದು ಕೂರಿಸಿದ. “ಸುಮ್ನ ಕುಂಡ್ರೋ ಧೂಳಪ್ಪ, ನ್ಯೂಯಾರ್ಕ್ ಬಾಜೂಕ ಅಂತಿದ್ದವ ನೀ.”

ಚಹಾ ಬಂತು. ತಟ್ಟೆಯಲ್ಲಿ ಎರಡು ಪಿಂಗಾಣಿ ಕಪ್ಪು, ಎರಡು ಕಾಗದದ ಕಪ್ಪು. ಯಾವುದು ಯಾರಿಗೆಂದು ಧೂಳಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹೊನವಾಡದ ಹೊಲಮನೆಗಳಲ್ಲಿ ಅವನಿಗೆ ಚಹಾ ಯಾವಾಗಲೂ ಕಾಗದದಲ್ಲೇ ಬರುತ್ತಿತ್ತು. ಈಗಿನ ಕಾಲದಲ್ಲಿ ಕಾಗದದ ಕಪ್ಪಿಗೆ ಯಾರೂ ಏನೂ ಅನ್ನುವಂತಿರಲಿಲ್ಲ, ಸ್ವಚ್ಛ ಅಂದುಬಿಡುತ್ತಿದ್ದರು. ಅವನು ಕೈ ಮುಂದೆ ಮಾಡುವಷ್ಟರಲ್ಲಿ, ದ್ರಾಕ್ಷಿಯ ಸಾಲಿನಿಂದ ಹೊರಬಂದ ಅಲ್ಮಾಜ್ ಹತ್ತಿರವಿದ್ದ ಕಾಗದದ ಕಪ್ಪು ಎತ್ತಿಕೊಂಡು ಒಂದೇ ಗುಟುಕಿಗೆ ಅರ್ಧ ಕುಡಿದರು. ಅವರಿಗೆ ಬಾಯಾರಿತ್ತು, ಅಷ್ಟೇ. ವಾಲ್ಟರ್ ಒಂದು ಪಿಂಗಾಣಿ ತೆಗೆದುಕೊಂಡ. ಧೂಳಪ್ಪ ಕಾಗದದ್ದು ತೆಗೆದುಕೊಂಡ. ತಟ್ಟೆಯಲ್ಲಿ ಒಂದು ಪಿಂಗಾಣಿ ಕಪ್ಪು ಉಳಿಯಿತು. ತಟ್ಟೆ ಹಿಡಿದ ಆಳು ಶಿವಯೋಗೆಪ್ಪನವರ ಮುಖ ನೋಡಿದ. ಶಿವಯೋಗೆಪ್ಪನವರು ಫೋಟೋಗ್ರಾಫರನ ಮುಖ ನೋಡಿದರು. ಗೌತಮಿ ಕಪ್ಪೆತ್ತಿ, ಅವಸರವಿಲ್ಲದೆ, ಕಪ್ಪಿನಡಿಯ ಬಸಿ ಕೈಯಲ್ಲಿ ಹಿಡಿದು, ಕೊನೆಯ ಹನಿಯವರೆಗೆ ಕುಡಿದಳು.

ಧೂಳಪ್ಪನ ಕೈಯಲ್ಲಿದ್ದ ಚಹಾ ಆರಿಹೋಯಿತು. ಮಗಳಿಗೆ ಸೀಟು ಸಿಕ್ಕ ದಿನ ಆಗದಿದ್ದದ್ದು, ವಿಮಾನ ಹತ್ತಿದ ದಿನವೂ ಆಗದಿದ್ದದ್ದು ಅವನ ಎದೆಯಲ್ಲಿ ಆಗ ಆಯಿತು. ಆದರೆ ಅದನ್ನು ಬಸ್ಸಿನಲ್ಲಿ ಹೇಳುವುದು ಹೇಗೆ?

ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. “ಹೊನವಾಡ ದ್ರಾಕ್ಷಿಗೆ ಮಾರುಹೋದ ಅಮೆರಿಕದ ವಿಜ್ಞಾನಿ.” ಪಟಗಾ ಸುತ್ತಿದ ವಾಲ್ಟರ್, ಕೈಮುಗಿದ ಶಿವಯೋಗೆಪ್ಪನವರು, ಅಂಚಿನಲ್ಲಿ ಅರ್ಧ ಗೌತಮಿ, ಕೆಳಗೆ “ದುಭಾಷಿ ಕು. ಗೌತಮಿ” ಎಂಬ ಸಾಲು. ಅಷ್ಟು ಸಾಕಾಯಿತು. ನೀರು ಮಾರುವ ಮಾತು ಅಂದೇ ಸತ್ತಿತು. ಬೇಡಿಯ ಮಾತೂ ಸತ್ತಿತು. ಧೂಳಪ್ಪನ ಮಗಳು ಅಮೆರಿಕದ ಸಾಹೇಬರ ಖಾಸಾ ದುಭಾಷಿ ಎಂದಾಯಿತು. ಕುನಾಲನ ಮನೆಯವರು ಮತ್ತೆ ಹೆದರಿ ಹಿಂದೆ ಸರಿದರು. ರಾಚವ್ವ ಫೋನ್ ಮಾಡಿ, ನೀವು ಆಗಲೇ ಒಪ್ಪಿಕೊಂಡುಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಬೈದಳು.

ಇಲ್ಲಿಂದ ಧೂಳಪ್ಪನಿಗೆ ಹೊಸ ಕಷ್ಟ ಶುರುವಾಯಿತು. ಅವನಿಗೆ ನಿಜ ಹೇಳಬೇಕೆನಿಸತೊಡಗಿತು. ಮೊದಲಿನ ಹಾಗೆ ಹಿಗ್ಗಿಸಿ ಅಲ್ಲ, ಇದ್ದದ್ದನ್ನು ಇದ್ದ ಹಾಗೆ. ದುಭಾಷಿ ಅಲ್ರೀ, ಸಂಶೋಧನಾ ಆಕೀದ. ಊರು ನೆಬ್ರಾಸ್ಕಾ, ನ್ಯೂಯಾರ್ಕಿಂದ ಭಾಳ ದೂರ. ಮಿಲ್ಲರ್ ಸಾಹೇಬ್ರು ಅಂದ್ರ ಹೆಣ್ಮಗಳು. ಜನ ನಗುತ್ತ ಕೇಳಿ, “ನೀನೂ ಸಾಹೇಬ್ರ ಹಂಗ ವಿನಯ ಕಲ್ತಿ ಬಿಡು” ಎನ್ನುತ್ತಿದ್ದರು. ಅವನು ಹಿಂದೆ ಹೇಳಿದ ಸುಳ್ಳುಗಳನ್ನು ಒಂದೂ ಬಿಡದೆ ನಂಬಿದ್ದ ಜನ ಅವನ ಒಂದು ನಿಜವನ್ನೂ ನಂಬಲಿಲ್ಲ.

ಆಗಸ್ಟಿನಲ್ಲಿ ಗೌತಮಿ ಮರಳಿ ಹೋದಳು. ಈ ಸಲ ಫ್ಲೆಕ್ಸ್ ಇರಲಿಲ್ಲ. ಧೂಳಪ್ಪನಿಗೆ ರಜೆಯೂ ಸಿಗಲಿಲ್ಲ. ಅವಳು ಬೆಳಗಿನ ಟ್ರಿಪ್ಪಿನಲ್ಲೇ ತಿಕೋಟಾದಿಂದ ವಿಜಯಪುರಕ್ಕೆ ಬಂದಳು, ರುಕ್ಮವ್ವ ಪಕ್ಕದಲ್ಲಿ, ಎರಡು ಸೂಟ್‌ಕೇಸು ಡ್ರೈವರನ ಹಿಂದೆ. ಹೈದರಾಬಾದ್ ಬಸ್ಸು ಹತ್ತಿಸುವಾಗ ಧೂಳಪ್ಪ ಏನೋ ಹೇಳಬೇಕೆಂದು ಬಾಯಿ ತೆಗೆದ. ಅವನ ಬಸ್ಸಿನ ಡ್ರೈವರ್ ಅಲ್ಲಿಂದಲೇ ಹಾರ್ನ್ ಹೊಡೆದ.

ಚಳಿಗಾಲದಲ್ಲಿ ವರದಿ ಬಂತು. ಹೊಸ ಕೊಳವೆಬಾವಿಯ ನೀರು ಬಿಡಬಾರದು, ಹಳೆಯ ಎರಡರ ನೀರನ್ನು ಹೀಗೆ ಹೀಗೆ ಬಳಸಬೇಕು ಎಂದು ಅದರಲ್ಲಿತ್ತು. ಬರೆದವಳು ಗೌತಮಿ, ಒಪ್ಪಿದವರು ಅಲ್ಮಾಜ್ ಮಿಲ್ಲರ್. ಶಿವಯೋಗೆಪ್ಪನವರು ಮಿಲ್ಲರ್ ಎಂಬಲ್ಲಿಗೆ ಓದಿ ನಿಲ್ಲಿಸಿದರು. ಹೊಸ ಬಾವಿಯ ಮೋಟಾರು ಬಂದ್ ಮಾಡಿಸಿದರು. ಮುಂದಿನ ಚಿಗುರು ಹಸಿರಾಗಿ ಬಂದಾಗ, ನಾಲ್ಕು ಮಂದಿಯ ಎದುರು, “ಆ ಸಾಹೇಬ್ರು ಕಾಲಿಟ್ಟ ಗಳಿಗಿ” ಎಂದರು. ಬಸ್ಸಿನಲ್ಲಿ ಈ ಮಾತು ಧೂಳಪ್ಪನ ಕಿವಿಗೂ ಬಿತ್ತು. ಟಿಕೆಟ್ ಹರಿದು ಮುಂದೆ ಹೋದ.

ಮೊನ್ನೆ ಹೊನವಾಡದ ಸಬೀರಾ, ಬಟ್ಟೆ ಹೊಲಿಯುವಾಕೆ, ಕೊನೆಯ ಸ್ಟಾಪಿನಲ್ಲಿ ಜನ ಇಳಿಯುವವರೆಗೆ ಕಾದು ಅವನ ಹತ್ತಿರ ಬಂದಳು. ಅವಳ ಮಗಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು.

“ಧೂಳಪ್ಪಣ್ಣ, ಖರೇ ಹೇಳು. ನಮ್ಮ ಹುಡಿಗೀನೂ ಅಮೇರಿಕಾಕ್ಕ ಅರ್ಜಿ ಹಾಕ್ತೀನಿ ಅಂತಾಳ. ಏನು ಮಾಡ್ಬೇಕು?”

ಧೂಳಪ್ಪ ಖಾಲಿ ಬಸ್ಸಿನ ಸೀಟಿನ ಮೇಲೆ ಕೂತ. ಬಹಳ ದಿನಗಳ ಮೇಲೆ ಒಬ್ಬರು ನಿಜ ಕೇಳಿದ್ದರು. ಅವನು ಸಾವಕಾಶ ಹೇಳಿದ: ತನಗೆ ಗೊತ್ತಿದ್ದದ್ದನ್ನೇ ಬರೆಯಬೇಕು, ಇನ್ನೊಬ್ಬರ ಕೈಲಿ ಕಷ್ಟ ಬರೆಸಬಾರದು. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹಿಮ ಬೀಳುತ್ತದೆ, ಸೊಂಟದ ತನಕ ಅಲ್ಲ, ಮೊಣಕಾಲ ತನಕ.

“ಹೋದಮ್ಯಾಲ?” ಸಬೀರಾ ಕೇಳಿದಳು. “ಅಲ್ಲೇ ಇಟ್ಟುಕೋತಾರೇನು?”

“ಒಂದು ವರ್ಷ ಇಟ್ಟುಕೊಂಡು ಓದಸ್ತಾರ. ಆಮ್ಯಾಲ ಸಂಶೋಧನಾಕ್ಕ ಕಳಿಸ್ತಾರ.”

“ಎಲ್ಲಿಗಿ?”

“ಅದು ಅವರವರ ನಸೀಬ,” ಎಂದ ಧೂಳಪ್ಪ. “ನಮ್ಮಾಕೀಗಿ ಹೊನವಾಡ ಬಿತ್ತು.”

ಸಬೀರಾ ಕಿಟಕಿಯಾಚೆ ಹೊನವಾಡವನ್ನು ನೋಡಿದಳು. ಎಮ್ಮೆ, ಪಾನ್ ಅಂಗಡಿ, ಒಣಹಾಕಿದ ಮೆಣಸಿನಕಾಯಿ. ಮತ್ತೆ ಧೂಳಪ್ಪನ ಮುಖ ನೋಡಿ, ನಕ್ಕು, ಚೀಲ ಎತ್ತಿಕೊಂಡಳು.

“ಹೇಳಾಕ ಮನಸಿಲ್ಲ ಅಂದ್ರ ಇಲ್ಲ ಅನ್ನಣ್ಣ,” ಎಂದಳು, “ಚೇಷ್ಟಿ ಯಾಕ ಮಾಡ್ತಿ?”